ಒಂದು ಬಸ್ಸು, ಒಂದು ಆಟೊ ದೂರದಲ್ಲಿ

ಕುದುರೆ ನೋಡಲು ನಾನು ಅಮೆರಿಕದವರೆಗೆ ಹೋಗಬೇಕಾಗಿರಲಿಲ್ಲ. ನಾನು ಕುಣಿಗಲ್ಲಿನವನು. ಟಿಪ್ಪುವಿನ ಕಾಲದಲ್ಲಿ ಅಶ್ವದಳಕ್ಕೆಂದು ಕುದುರೆ ಸಾಕಲು ಶುರುಮಾಡಿದ ಜಾಗ ನಮ್ಮೂರಲ್ಲೇ ಇದೆ. ಸ್ಟಡ್ ಫಾರಂ ಅಂದರೆ ಊರಿನ ಮಕ್ಕಳಿಗೂ ಗೊತ್ತು. ಚಿಕ್ಕವರಿದ್ದಾಗ ಅದರ ಬೇಲಿಗೆ ಮೂಗು ಒತ್ತಿ, ಮೈ ಮಿರಮಿರ ಮಿಂಚುವ ರೇಸಿನ ಕುದುರೆಗಳನ್ನು ಗಂಟೆಗಟ್ಟಲೆ ನೋಡಿದವರು ನಾವು. ಅವುಗಳಿಗೆ ದಿನಕ್ಕೆ ಏನೇನು ತಿನ್ನಿಸುತ್ತಾರೆ ಎಂದು ಒಬ್ಬ ಆಳು ಒಂದು ಸಲ ಬಾಯಿ ತುಂಬ ವರ್ಣಿಸಿದ. ಅವತ್ತು ರಾತ್ರಿ ಮುದ್ದೆಯ ತಟ್ಟೆಯ ಮುಂದೆ ಕೂತಾಗ, ಹುಟ್ಟಿದ್ದರೆ ಬೇಲಿಯ ಆ ಕಡೆ ಹುಟ್ಟಬೇಕಿತ್ತು ಅನ್ನಿಸಿದ್ದು ಸುಳ್ಳಲ್ಲ.

ಹಾಗಾಗಿ ಮಗಳು "ಅಪ್ಪ, ಈ ಶನಿವಾರ ಕಾಡುಕುದುರೆ ನೋಡೋಕೆ ಹೋಗೋಣ, ಸಮುದ್ರದ ದಂಡೇಲಿ ಓಡಾಡ್ಕೊಂಡಿರ್ತಾವೆ" ಎಂದಾಗ ನಾನು ಅಂಥ ಉತ್ಸಾಹವನ್ನೇನೂ ತೋರಿಸಲಿಲ್ಲ. ಆದರೂ ಊರಿನ ಗೆಳೆಯರಿಗೆ ಫೋನಿನಲ್ಲಿ ಹೇಳದೆ ಬಿಡಲಿಲ್ಲ. "ಕಡಲ ಕುದುರೆ ನೋಡೋಕೆ ಹೊರಟಿದೀವಿ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಅದು ಹೆಬ್ಬೆರಳಿನಷ್ಟುದ್ದ ಇರತ್ತಲ್ಲ ಮೇಷ್ಟ್ರೇ, ಅದಕ್ಕೆ ಅಷ್ಟು ದೂರ ಯಾಕೆ?" ಎಂದರು.

ಮಗಳು ಅಳಿಯ ಇರುವುದು ನಾರ್ತ್ ಕೆರೊಲಿನಾದ ಕೇರಿಯಲ್ಲಿ. ಊರಿನ ಹೆಸರೇ ಕೇರಿ. ಹೊಸ ಊರು ಎಂಬ ಭಯ ನಮ್ಮವಳಿಗೆ ಅರ್ಧ ಇಳಿದದ್ದು ಅದರಿಂದಲೇ. ಅಲ್ಲಿಂದ ಪೂರ್ವಕ್ಕೆ ನಾಲ್ಕು ಗಂಟೆಯ ದಾರಿ. ಅಟ್ಲಾಂಟಿಕ್ ಸಾಗರಕ್ಕೂ ನೆಲಕ್ಕೂ ನಡುವೆ ಮರಳಿನ ಉದ್ದನೆಯ ದಾರವೊಂದು ಚಾಚಿಕೊಂಡಿದೆ, ಔಟರ್ ಬ್ಯಾಂಕ್ಸ್ ಅಂತ. ಬ್ಯಾಂಕ್ ಎಂದರೆ ಇಲ್ಲಿ ಮರಳದಿಣ್ಣೆ. ಒಂದು ಕಡೆ ಭೋರಿಡುವ ಸಮುದ್ರ, ಇನ್ನೊಂದು ಕಡೆ ಸದ್ದೇ ಇಲ್ಲದ ಹಿನ್ನೀರು. ಸದ್ದಿಲ್ಲದ ಆ ನೀರಿಗೆ ಇವರು ಇಟ್ಟ ಹೆಸರು ಸೌಂಡ್. ಹೆಸರಿಡುವ ವಿಷಯದಲ್ಲಿ ಈ ಕಡೆಯವರನ್ನು ನಂಬಬಾರದು ಎಂದು ನನಗೆ ಅಲ್ಲೇ ಗೊತ್ತಾಯಿತು.

ಕುದುರೆಗಳಿರುವ ಊರಿನ ಹೆಸರನ್ನು ಕೊರೊಲಾ ಎಂದು ಓದಿಕೊಂಡಿದ್ದೆ. ಅಳಿಯನ ಕಾರೂ ಕೊರೊಲಾ. "ಕೊರೊಲಾದಲ್ಲಿ ಕೊರೊಲಾಕ್ಕೆ" ಎಂದು ಕಾರು ಹತ್ತಿದಾಗಿನಿಂದ ಮೂರು ಸಲ ತಮಾಷೆ ಮಾಡಿದೆ. ಮೊದಲ ಸಲ ಅಳಿಯ ನಕ್ಕ, ಎರಡನೇ ಸಲ ಮುಗುಳ್ನಕ್ಕ, ಮೂರನೇ ಸಲ ರಸ್ತೆ ನೋಡಿದ. ಪೆಟ್ರೋಲಿಗೆ ನಿಲ್ಲಿಸಿದ ಕಡೆ ಒಬ್ಬ ಮುದುಕ ನಮ್ಮ ಉಚ್ಚಾರಣೆ ಕೇಳಿ, ಬಹಳ ಮರ್ಯಾದೆಯಿಂದ, ಅದು ಕೊರೊಲಾ ಅಲ್ಲ, ಕರಾಲ ಎಂದು ತಿದ್ದಿದ. ಹೂವಿನ ದಳಗಳ ಸುತ್ತಿಗೆ ಇಂಗ್ಲಿಷಿನಲ್ಲಿರುವ ಹೆಸರದು; ಕಾರಿಗೂ ಊರಿಗೂ ಬರೆಯುವುದು ಒಂದೇ ಥರ, ಕರೆಯುವುದು ಬೇರೆ ಬೇರೆ. ನಮ್ಮ ಕಿವಿಗೆ ಮಾತ್ರ ಅದು ಹೂವಿನ ಹೆಸರಾಗಿ ಕೇಳಲಿಲ್ಲ. "ಕರಾಳವಾ? ಇನ್ನೂ ಒಳ್ಳೇ ಹೆಸರು ಸಿಗಲಿಲ್ವಂತಾ?" ಎಂದಳು ನಮ್ಮವಳು.

ಅವಳ ಕೈಚೀಲದಲ್ಲಿ ಆಗ ನಾಲ್ಕು ಬಾಳೆಹಣ್ಣುಗಳಿದ್ದವು. ಈ ಪ್ರಬಂಧಕ್ಕೆ ಅವು ಮುಖ್ಯವಾದ್ದರಿಂದ ಈಗಲೇ ಹೇಳಿಬಿಡುತ್ತೇನೆ. ದೇವರನ್ನು, ಹಿರಿಯರನ್ನು, ಮಕ್ಕಳನ್ನು ನೋಡಲು ಬರಿಗೈಲಿ ಹೋಗಬಾರದು ಎಂಬುದು ಅವಳು ತವರಿನಿಂದ ತಂದ ಕಾನೂನು. ಹಸುವನ್ನೂ ಅದಕ್ಕೆ ಸೇರಿಸಿಕೊಂಡಿದ್ದಳು. ಕುದುರೆಗೆ ಅದನ್ನು ವಿಸ್ತರಿಸುವುದು ಕಷ್ಟವಾಗಲಿಲ್ಲ. ಅದೂ ಅಲ್ಲದೆ ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು, ಅಷ್ಟು ದಿನವೂ ಅವಳಿಗೆ ಯಾರಿಗೂ ಸರಿಯಾಗಿ ತಿನ್ನಿಸಲು ಸಿಕ್ಕಿರಲಿಲ್ಲ. ಆರು ವರ್ಷದ ಮೊಮ್ಮಗ ಏನನ್ನೂ ತಿನ್ನುವುದಿಲ್ಲ. ಅನ್ನ ಬೇಡ, ಚಪಾತಿ ಬೇಡ, ಹಾಲು ಮೊದಲೇ ಬೇಡ. ಅವಳು ತುತ್ತು ಹಿಡಿದು ಹಿಂದೆ ಓಡಿದರೆ ಮಗಳು ಅಡ್ಡ ಬರುತ್ತಾಳೆ: "ಅಮ್ಮ, ಒತ್ತಾಯ ಮಾಡ್ಬೇಡ. ಹಸಿವಾದಾಗ ಅವನೇ ತಿಂತಾನೆ." ಹಸಿವಾಗುವವರೆಗೆ ಮಗುವನ್ನು ಬಿಡುವುದೇ? ಇದಕ್ಕಿಂತ ಘೋರವಾದ ಮಾತನ್ನು ತಾನು ಹುಟ್ಟಿದಾಗಿನಿಂದ ಕೇಳಿಲ್ಲವೆಂದು ಅವಳು ರಾತ್ರಿ ನನ್ನ ಹತ್ತಿರ ಹೇಳುತ್ತಾಳೆ. ನಾನು ಎರಡೂ ಕಡೆಯವರಿಗೆ ಹೌದು ಅನ್ನುತ್ತೇನೆ.

ದಾರಿಯಲ್ಲಿ ಕಿಲ್ ಡೆವಿಲ್ ಹಿಲ್ಸ್ ಬಂತು. 1903ರ ಡಿಸೆಂಬರಿನಲ್ಲಿ ರೈಟ್ ಸಹೋದರರು ಮೊದಲ ಸಲ ವಿಮಾನ ಹಾರಿಸಿದ ಮರಳುಗಾಡು. ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವನಿಗೆ ಇಳಿಯದೆ ಇರುವುದು ಹೇಗೆ? ಇಳಿಯಲಿಲ್ಲ. ಕುದುರೆ ತೋರಿಸುವ ಗಾಡಿಗೆ ಮೂರು ಗಂಟೆಗೆ ಟಿಕೆಟ್ ಆಗಿತ್ತು. ಮನುಷ್ಯ ಮೊದಲು ಹಾರಿದ ಜಾಗವನ್ನು ನಾನು ಕಾರಿನ ಕಿಟಕಿಯಲ್ಲಿ, ಗಂಟೆಗೆ ನಲವತ್ತೈದು ಮೈಲಿ ವೇಗದಲ್ಲಿ ನೋಡಿ ಮುಗಿಸಿದೆ. ರೈಟ್ ಸಹೋದರರ ವಿಮಾನ ಅವತ್ತು ಅಷ್ಟು ವೇಗ ಹೋಗಿರಲಿಲ್ಲ ಎಂಬುದೇ ಸಮಾಧಾನ.

ಕರಾಲದಲ್ಲಿ 1875ರಲ್ಲಿ ಕಟ್ಟಿದ ದೀಪಸ್ತಂಭವೊಂದಿದೆ. ಬಣ್ಣ ಬಳಿಯದ ಕೆಂಪು ಇಟ್ಟಿಗೆಯದು, ಹತ್ತಲು 220 ಮೆಟ್ಟಿಲು. ಮಂಡಿಗಳು ನಮ್ಮ ಪರವಾಗಿ ಬೇಡವೆಂದವು. ಅದನ್ನು ದಾಟಿ ಸ್ವಲ್ಪ ದೂರ ಹೋದರೆ ಹನ್ನೆರಡನೇ ನಂಬರಿನ ಹೆದ್ದಾರಿ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಡಾಂಬರು ನಿಂತು ಮರಳು ಶುರು. ಅಲ್ಲಿಂದ ವರ್ಜೀನಿಯಾದ ಗಡಿಯವರೆಗೆ ಹನ್ನೊಂದು ಮೈಲಿ ಸಮುದ್ರದ ದಂಡೆಯೇ ರಸ್ತೆ. ಆ ಕಡೆ ಊರಿದೆ, ನೂರಾರು ಮನೆಗಳಿವೆ. ಮನೆಗೆ ಹೋಗಬೇಕಾದವರು ಅಲೆಯ ಅಂಚಿನಲ್ಲೇ ಗಾಡಿ ಓಡಿಸಬೇಕು, ಅದಕ್ಕೂ ವೇಗಮಿತಿ ಇದೆ. ಚಕ್ರದ ಗಾಳಿಯನ್ನು ಅರ್ಧಕ್ಕೆ ಇಳಿಸಿಕೊಂಡು, ನಾಲ್ಕೂ ಚಕ್ರ ಎಳೆಯುವ ಗಾಡಿಗಳು ಮಾತ್ರ ಹೋಗಬಹುದು. ಹೀಗಾಗಿ ಕೊರೊಲಾ ಕರಾಲದಲ್ಲೇ ನಿಂತಿತು. (ಇದು ನಾಲ್ಕನೇ ಸಲ. ಯಾರೂ ನಗಲಿಲ್ಲ.)

ನಾವು ಹತ್ತಿದ ಗಾಡಿ ತೆರೆದ ಲಾರಿಯ ಹಾಗಿತ್ತು, ಮೇಲೆ ಬೆಂಚುಗಳು. ಓಡಿಸುವವಳೇ ವಿವರಿಸುವವಳೂ, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಹೊರಡುವ ಮೊದಲು ಅವಳು ಹೇಳಿದ್ದು ಎರಡೇ ಮಾತು. ಒಂದು, ಕುದುರೆಯಿಂದ ಐವತ್ತು ಅಡಿ ದೂರ ಇರಬೇಕು. ಎರಡು, ಏನನ್ನೂ ತಿನ್ನಿಸಬಾರದು. ಎರಡೂ ಇಲ್ಲಿನ ಕೌಂಟಿಯ ಕಾನೂನು, ಮುರಿದರೆ ದಂಡ. ಮಗಳು ಅನುವಾದ ಮಾಡಿದಳು. ಐವತ್ತು ಅಡಿ ಎಂದರೆ ಎಷ್ಟು ಎಂದು ನಮ್ಮವಳು ಕೇಳಿದಳು. ನಾನು ಲೆಕ್ಕ ಹಾಕಿ ಹೇಳಿದೆ: "ನಮ್ಮ ಸರ್ಕಾರಿ ಬಸ್ಸು ಒಂದು, ಅದರ ಹಿಂದೆ ಒಂದು ಆಟೊ ನಿಲ್ಲಿಸು. ಅಷ್ಟು." ಅವಳು ಕೈಚೀಲದ ಜಿಪ್ ಎಳೆದುಕೊಂಡಳು. ಮುಖ ಮಾತ್ರ ಸಮುದ್ರದ ಕಡೆಗಿತ್ತು.

ಮರಳಿನ ಮೇಲೆ ಮೊದಲು ಕಂಡದ್ದು ಕುದುರೆಯಲ್ಲ, ಮರದ ಬೊಡ್ಡೆಗಳು. ಅಲೆಗಳ ನಡುವೆ, ಕಪ್ಪಗೆ, ಹಲ್ಲು ಬಿದ್ದ ವಸಡಿನ ಹಾಗೆ. ಒಂದು ಕಾಲಕ್ಕೆ ಇಲ್ಲಿ ಕಾಡಿತ್ತಂತೆ, ಅದೂ ಹಿನ್ನೀರಿನ ಕಡೆಗೆ. ಗಾಳಿಯೂ ಅಲೆಯೂ ಸೇರಿ ಇಡೀ ಮರಳದಿಣ್ಣೆಯನ್ನೇ ಪಶ್ಚಿಮಕ್ಕೆ ತಳ್ಳುತ್ತ ಬಂದಿವೆ. ಮರಗಳು ಇದ್ದಲ್ಲೇ ಇದ್ದವು, ದ್ವೀಪ ಅವುಗಳನ್ನು ಬಿಟ್ಟು ಮುಂದೆ ಹೋಯಿತು. ನಿವೃತ್ತನಾದ ಮೇಲೆ ನಾನು ಓದಿಸಿದ ಶಾಲೆಗೆ ಒಂದು ಸಲ ಹೋಗಿದ್ದೆ. ಆ ಬೊಡ್ಡೆಗಳ ಕಷ್ಟ ನನಗೆ ಅರ್ಥವಾಯಿತು.

ಆಮೇಲೆ ಕುದುರೆ ಕಂಡಿತು. ಕ್ಯಾಲೆಂಡರಿನಲ್ಲಿ ಕಾಣುವಂತೆ ಅಲೆಯ ನೊರೆ ಚಿಮ್ಮಿಸುತ್ತ, ಕೇಸರ ಹಾರಿಸುತ್ತ ಅಲ್ಲ. ಇಲ್ಲಿನ ಮನೆಗಳು ಪ್ರವಾಹಕ್ಕೆ ಹೆದರಿ ಎತ್ತರದ ಕಂಬಗಳ ಮೇಲೆ ನಿಂತಿವೆ. ಅಂಥ ಒಂದು ಮನೆಯ ಕೆಳಗೆ, ನೆರಳಿನಲ್ಲಿ, ಯಾರದೋ ಬಾರ್ಬೆಕ್ಯೂ ಒಲೆಯ ಪಕ್ಕ, ಒಂದು ಕಂದು ಕುದುರೆ ಬಾಲ ಆಡಿಸುತ್ತ ನಿಂತಿತ್ತು. ಥೇಟ್ ನಮ್ಮೂರ ಬಸ್ ಸ್ಟಾಂಡಿನ ಹಸು. ಲಾರಿಯಲ್ಲಿದ್ದ ಹದಿಮೂರು ಜನ ಒಟ್ಟಿಗೆ ಎದ್ದು ನಿಂತೆವು. ಹದಿಮೂರು ಫೋನುಗಳು ಮೇಲೆದ್ದವು. ಕುದುರೆ ಹಿಂಗಾಲಿನ ಭಾರವನ್ನು ಎಡದಿಂದ ಬಲಕ್ಕೆ ಬದಲಾಯಿಸಿತು. ಅಷ್ಟೇ.

"ಇದೇನಾ ಕಾಡುಕುದುರೆ?" ಎಂದಳು ನಮ್ಮವಳು.

ಸರಿಯಾದ ಪ್ರಶ್ನೆಯೇ. ಲೆಕ್ಕ ಹಿಡಿದು ಹೇಳಿದರೆ ಇದು ಕಾಡುಕುದುರೆ ಅಲ್ಲ. ಒಂದು ಕಾಲಕ್ಕೆ ಮನುಷ್ಯನ ಕೈಲಿದ್ದು, ಆಮೇಲೆ ಕೈತಪ್ಪಿ, ತಲೆಮಾರುಗಳಿಂದ ತಾನೇ ಬದುಕಿಕೊಂಡು ಬಂದದ್ದು. ಇಂಥದ್ದಕ್ಕೆ ಅವರಲ್ಲಿ ಬೇರೆ ಪದವೇ ಇದೆ, ಹುಡುಗಿ ಹೇಳಿದಳು. ನಮ್ಮಲ್ಲೂ ಇದೆಯಲ್ಲ ಅನ್ನಿಸಿತು. ದೇವರ ಹೆಸರಲ್ಲಿ ಬಸವನನ್ನು ಬಿಡುತ್ತಾರೆ. ಅದಕ್ಕೆ ಮೂಗುದಾರವಿಲ್ಲ, ಒಡೆಯನಿಲ್ಲ, ಯಾರ ಹೊಲಕ್ಕೆ ನುಗ್ಗಿದರೂ ಕೈಮುಗಿದು ಅಟ್ಟುತ್ತಾರೆ. ಇದು ಬಿಟ್ಟ ಬಸವನ ಥರದ ಬಿಟ್ಟ ಕುದುರೆ. ಅಶ್ವಮೇಧದ್ದು ಇನ್ನೊಂದು ಬಗೆಯ ಬಿಟ್ಟ ಕುದುರೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಧರ್ಮರಾಯನ ಕುದುರೆ ಮುಂದೆ ಹೋಗುತ್ತದೆ, ಹಿಂದೆ ಅರ್ಜುನನ ಸೈನ್ಯ. ಇಲ್ಲಿಯೂ ಹಿಂದೆ ಸೈನ್ಯವಿತ್ತು. ನಮ್ಮದಲ್ಲದೆ ಇನ್ನೂ ಐದು ಲಾರಿಗಳು, ಬಾಡಿಗೆಯ ಜೀಪುಗಳು. ಕಟ್ಟಿಹಾಕುವ ಲವಕುಶರು ಮಾತ್ರ ಇರಲಿಲ್ಲ. ನಮ್ಮ ಮೊಮ್ಮಗನನ್ನು ಅಳಿಯ ಬೆಲ್ಟು ಹಾಕಿ ಕೂರಿಸಿದ್ದ.

ಇವು ಎಲ್ಲಿಂದ ಬಂದವು ಎಂಬುದಕ್ಕೆ ಹುಡುಗಿಯ ಬಳಿ ಕಥೆಯಿತ್ತು. ಐನೂರು ವರ್ಷದ ಹಿಂದೆ ಸ್ಪೇನಿನವರು ಹಡಗಿನಲ್ಲಿ ಕುದುರೆ ತಂದರು. ಹಡಗು ಮರಳಿಗೆ ಸಿಕ್ಕಿ ಒಡೆಯಿತು, ಕುದುರೆಗಳು ಈಜಿ ದಡ ಸೇರಿದವು. ಹಡಗು ಒಡೆದ ಕಥೆಗಳಿಗೆ ರಸೀದಿ ಕೇಳಬಾರದು. ಆದರೆ ತೀರ ಕಟ್ಟುಕತೆಯೂ ಅಲ್ಲ. 1585ರಲ್ಲಿ ರಿಚರ್ಡ್ ಗ್ರೆನ್‌ವಿಲ್ ಎಂಬ ಇಂಗ್ಲಿಷಿನವನ ಹಡಗು ಇದೇ ದಿಣ್ಣೆಸಾಲಿನ ದಕ್ಷಿಣದಲ್ಲಿ ಮರಳಿಗೆ ಸಿಕ್ಕಿಕೊಂಡದ್ದು ನಿಜ. ಬರುವ ದಾರಿಯಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಸ್ಪೇನಿನವರಿಂದ ಅವನು ಕುದುರೆ ಕೊಂಡದ್ದೂ ನಿಜ. ಇನ್ನೊಂದು ಮೋಜಿದೆ. ಹೈತಿಯಲ್ಲಿ ಹಾಳುಬಿದ್ದ ಹದಿನಾರನೇ ಶತಮಾನದ ಸ್ಪ್ಯಾನಿಷ್ ಊರೊಂದನ್ನು ಅಗೆದಾಗ ಒಂದು ಹಲ್ಲು ಸಿಕ್ಕಿತ್ತು. ಹಸುವಿನದೆಂದು ಎತ್ತಿಟ್ಟಿದ್ದರು. ಡಿಎನ್‌ಎ ತೆಗೆದು ನೋಡಿದರೆ ಕುದುರೆಯದು. ಈಗ ಬದುಕಿರುವ ಕುದುರೆಗಳಲ್ಲಿ ಅದಕ್ಕೆ ಅತಿ ಹತ್ತಿರದ ನೆಂಟರು ಯಾರೆಂದು ಹುಡುಕಿದರೆ, ಈ ಕರಾವಳಿಯಲ್ಲೇ ಇನ್ನೂ ಉತ್ತರಕ್ಕಿರುವ ಚಿಂಕೊಟೀಗಿನ ಕುದುರೆಗಳು. 2022ರಲ್ಲಿ ಈ ಸಂಗತಿ ಪ್ರಕಟವಾಯಿತು. ಹಲ್ಲು ಹಿಡಿದು ನೋಡುವುದಕ್ಕೂ ಒಂದು ಅರ್ಥವಿದೆ ಎಂದಾಯಿತು.

ಕಡಲು, ಹಡಗು, ಕುದುರೆ ಎಂದ ಕೂಡಲೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಕುದುರೆ ತುಂಬಿದ ಹಡಗುಗಳು ನಮಗೇನು ಹೊಸದೇ? ಹೆಚ್ಚುಕಡಿಮೆ ಅದೇ ಕಾಲಕ್ಕೆ ಅರಬ್ಬೀ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ: ಸಾಳುವ ನರಸಿಂಹನಿಗೆ ಕುದುರೆಯ ಆಸೆ ಎಷ್ಟಿತ್ತೆಂದರೆ, ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ಸಮುದ್ರದಲ್ಲಿ ಸತ್ತರೆ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕಿತ್ತು. ನಾನು ಇದನ್ನು ಲಾರಿಯಲ್ಲಿ ಉತ್ಸಾಹದಿಂದ ಹೇಳಿದೆ. ಬರೀ ಬಾಲ ತಂದು ಪೂರಾ ಕುದುರೆಯ ದುಡ್ಡು ಎಣಿಸಿಕೊಂಡು ಹೋಗುವ ವ್ಯಾಪಾರಿ, ಒಂದು ಕುದುರೆಗೆ ಎಷ್ಟು ಬಾಲವಿದ್ದೀತು ಎಂದು ಅನುಮಾನಪಡುವ ಗುಮಾಸ್ತ, ಎಲ್ಲವನ್ನೂ ಅಭಿನಯಿಸಿದೆ. "ತಾತ, ಬಾಲ ಆಮೇಲೆ ಏನ್ಮಾಡ್ತಿದ್ರು?" ಎಂದು ಮೊಮ್ಮಗ ಕೇಳಿದ. ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ನ್ಯೂನಿಜನನ್ನೇ ಕೇಳಬೇಕು.

ಇಲ್ಲಿ ಈಗ ಸುಮಾರು ನೂರು ಕುದುರೆಗಳಿವೆ. ಇವುಗಳನ್ನೇ ನೋಡಿಕೊಳ್ಳುವ ಒಂದು ಸಂಸ್ಥೆಯಿದೆ. 1980ರ ದಶಕದ ನಡುವಿನಲ್ಲಿ ಕರಾಲದವರೆಗೆ ಎಲ್ಲರಿಗೂ ರಸ್ತೆ ತೆರೆದುಕೊಂಡಿತು; ರಜೆಗೆ ಬಂದವರ ಕಾರುಗಳಿಗೆ ಕುದುರೆಗಳು ಒಂದೊಂದಾಗಿ ಸಿಕ್ಕಿ ಸತ್ತವು. ಕೊನೆಗೆ ಹಿನ್ನೀರಿನಿಂದ ಸಮುದ್ರದವರೆಗೆ ಬೇಲಿ ಹಾಕಿ, ಕುದುರೆಗಳನ್ನು ಡಾಂಬರಿಲ್ಲದ ಉತ್ತರದ ಕಡೆಗೆ ಸಾಗಿಸಿದರು. ಬೇಲಿ ಎಂದಾಗ ನನಗೆ ಕುಣಿಗಲ್ ನೆನಪಾಗದೆ ಇರುತ್ತದೆಯೇ? ಅಲ್ಲಿ ಕುದುರೆ ಓಡಿಹೋಗದಿರಲೆಂದು ಬೇಲಿ, ಇಲ್ಲಿ ನಾವು ಓಡಿಬಂದು ಗುದ್ದದಿರಲೆಂದು. 2010ರಲ್ಲಿ ಈ ತಳಿಯನ್ನು ನಾರ್ತ್ ಕೆರೊಲಿನಾದ ರಾಜ್ಯ ಕುದುರೆ ಎಂದು ಘೋಷಿಸಿದ್ದಾರೆ. ಪದವಿ ಬಂದಮೇಲೂ ಅದೇ ಹುಲ್ಲು, ಅದೇ ನೊಣ.

ನೂರೇ ಇರುವುದರಿಂದ ಸಂಬಂಧದ ತೊಡಕು ಬೇರೆ. ಎಲ್ಲ ಒಂದೇ ತಾಯಿಯ ಕಡೆಯವು ಎಂದು ಡಿಎನ್‌ಎ ಪರೀಕ್ಷೆ ಹೇಳುತ್ತದೆ. ಅದಕ್ಕೇ 2014ರ ಸುಮಾರಿಗೆ ದಕ್ಷಿಣದ ಸೀಡರ್ ದ್ವೀಪದಿಂದ ಒಂದು ಗಂಡು ಕುದುರೆಯನ್ನು ತಂದು ಬಿಟ್ಟರಂತೆ. "ಮನೆ ಅಳಿಯ!" ಎಂದು ನಮ್ಮವಳು ನಕ್ಕಳು. ಪಕ್ಕದಲ್ಲಿದ್ದ ನಮ್ಮ ಅಳಿಯನೂ ನಕ್ಕ. ಅವನ ಮನೆಯಲ್ಲಿ ನಾವು ಎರಡು ತಿಂಗಳಿಂದ ಇದ್ದೇವೆಯೇ ಹೊರತು ನಮ್ಮ ಮನೆಯಲ್ಲಿ ಅವನಿಲ್ಲ, ಧೈರ್ಯವಾಗಿ ನಗಬಹುದು. ಆ ಕುದುರೆಯ ಅದೃಷ್ಟ ದೊಡ್ಡದು. 2019ರ ಸೆಪ್ಟೆಂಬರಿನಲ್ಲಿ ಡೋರಿಯನ್ ಚಂಡಮಾರುತ ಬಂದಾಗ ಸೀಡರ್ ದ್ವೀಪದ ಮೇಲೆ ನೀರಿನ ಗೋಡೆಯೇ ನುಗ್ಗಿ 28 ಕುದುರೆಗಳು ಕೊಚ್ಚಿಹೋದವು. ಜೊತೆಗಿದ್ದ ಹಸುಗಳ ಮಂದೆಯೂ ಹೋಯಿತು. ಆದರೆ ಕೆಲವು ವಾರಗಳ ಮೇಲೆ ಮೂರು ಹಸುಗಳು, ಮೈಲಿಗಟ್ಟಲೆ ನೀರು ದಾಟಿ, ಇನ್ನೊಂದು ದ್ವೀಪದಲ್ಲಿ ಹುಲ್ಲು ಮೇಯುತ್ತ ಸಿಕ್ಕವು. ನಮ್ಮವಳು ಕುದುರೆಗಳಿಗೆ ಅಯ್ಯೋ ಎಂದಳು. ಹಸುವಿನ ಮಾತು ಬಂದಾಗ ಎರಡೂ ಕೈ ಮುಗಿದಳು.

ಚಂಡಮಾರುತ ಬಂದರೆ ಇಲ್ಲಿನವು ಏನು ಮಾಡುತ್ತವೆ? ಎತ್ತರದ ಜಾಗ ಹುಡುಕಿ, ಓಕ್ ಮರಗಳ ಕೆಳಗೆ ಒತ್ತೊತ್ತಾಗಿ ನಿಂತು, ಗಾಳಿಗೆ ಬೆನ್ನು ತಿರುಗಿಸಿ ಸುಮ್ಮನಿರುತ್ತವಂತೆ. ಮನೆಯಲ್ಲಿ ತಾಯಿ ಮಗಳ ಮಾತು ಏರಿದಾಗ ನಾನು ಮಾಡುವುದೂ ಅದನ್ನೇ, ಓಕ್ ಮರವಿಲ್ಲ ಅಷ್ಟೇ.

ಸೂರ್ಯ ಇಳಿಯುವ ಹೊತ್ತಿಗೆ ಅಲೆಯ ಅಂಚಿನಲ್ಲೇ ಒಂದು ಸಂಸಾರ ಸಿಕ್ಕಿತು. ಒಂದು ಗಂಡು, ಎರಡು ಹೆಣ್ಣು, ಒಂದು ಮರಿ. ಬೇಸಗೆಯಲ್ಲಿ ಅವು ದಂಡೆಗೆ ಬರುವುದು ನಮ್ಮ ಹಾಗೆ ಸಮುದ್ರ ನೋಡಲಿಕ್ಕಲ್ಲ. ಒಳಗಿನ ಪೊದೆಗಳಲ್ಲಿ ನೊಣದ ಕಾಟ, ಇಲ್ಲಿ ಗಾಳಿ. ಹುಡುಗಿ ಲಾರಿ ನಿಲ್ಲಿಸಿ ಎಂಜಿನ್ ಆರಿಸಿದಳು. ಗಿಡ್ಡ ಕಾಲು, ದಪ್ಪ ಕತ್ತು, ಉಪ್ಪುಗಾಳಿಗೆ ಜಡೆಗಟ್ಟಿದ ಕೇಸರ. ಕುಣಿಗಲ್ಲಿನ ಕುದುರೆಗಳ ಮುಂದೆ ನಿಲ್ಲಿಸಿದರೆ ಬಡನೆಂಟರ ಹಾಗೆ ಕಾಣುತ್ತಿದ್ದವು. "ಒಂದು ಬಟ್ಟಲು ಹರಳೆಣ್ಣೆ ಹಚ್ಚಿ ಬಾಚಿದ್ರೆ ಎಷ್ಟು ಲಕ್ಷಣವಾಗಿರತ್ತೆ" ಎಂದಳು ನಮ್ಮವಳು. ಗಂಡುಕುದುರೆ ನಾಲ್ಕು ಹೆಜ್ಜೆ ನಡೆದು, ಮೊದಲೇ ಇದ್ದ ಲದ್ದಿಯ ಗುಪ್ಪೆಯನ್ನು ಮೂಸಿ, ಅದರ ಮೇಲೆ ತನ್ನದನ್ನೂ ಹಾಕಿತು. ಇದು ನನ್ನ ಜಾಗ ಎಂದು ಉಳಿದ ಗಂಡುಗಳಿಗೆ ತಿಳಿಸುವ ಕ್ರಮವಂತೆ. ನಮ್ಮಲ್ಲಿ ಇದಕ್ಕೆ ಫ್ಲೆಕ್ಸ್ ಹಾಕುತ್ತಾರೆ. ಮೊಮ್ಮಗನಿಗೆ ಇಡೀ ದಿನದಲ್ಲಿ ಅತ್ಯಂತ ಇಷ್ಟವಾದ ದೃಶ್ಯ ಅದೇ.

ಮರಿ ಮಾತ್ರ ನಮ್ಮ ಕಡೆ ನೋಡಿತು. ನೋಡಿ, ಎರಡು ಹೆಜ್ಜೆ ಇಟ್ಟಿತು. ಪಕ್ಕದಲ್ಲಿ ಕೈಚೀಲದ ಜಿಪ್ ಸರಿದ ಸದ್ದು ನನಗೆ ಕೇಳಿಸಿತು.

ಹುಡುಗಿಗೂ ಕೇಳಿಸಿರಬೇಕು. ಅವಳು ತಿರುಗಿ ನೋಡಲಿಲ್ಲ. ಮರಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. 2020ರ ಬೇಸಗೆಯಲ್ಲಿ ಇಂಥದೇ ಒಂದು ಎಳೆಗುದುರೆಗೆ ಯಾರೋ ಪ್ರೀತಿಯಿಂದ ಸೇಬು ಕೊಟ್ಟರು. ಅದು ಗಂಟಲಲ್ಲಿ ಸಿಕ್ಕಿಕೊಂಡು ಮರಿ ಸತ್ತುಹೋಯಿತು. ಇವು ತಲೆಮಾರುಗಳಿಂದ ಮರಳಿನ ಹುಲ್ಲು, ಓಕ್ ಮರದ ಕಾಯಿ ತಿಂದು ಬದುಕಿದವು. ಸೇಬು, ಕ್ಯಾರೆಟ್ಟು ಇವುಗಳ ಹೊಟ್ಟೆಗೆ ಆಗಿಬರುವುದಿಲ್ಲ. ಕೈಯಿಂದ ತಿಂದು ರೂಢಿಯಾದ ಕುದುರೆ ಮನುಷ್ಯರ ಹಿಂದೆ ಬೀಳುತ್ತದೆ, ಆಮೇಲೆ ಅದನ್ನು ಇಲ್ಲಿಂದ ಹಿಡಿದು ಸಾಗಿಸಬೇಕಾಗುತ್ತದೆ, ಮತ್ತೆ ಅದಕ್ಕೆ ಈ ದಂಡೆ ಇಲ್ಲ.

ಮಗಳು ಇದನ್ನೂ ಕನ್ನಡ ಮಾಡಿದಳು. ಅಮ್ಮನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು. ನಮ್ಮವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಅವಳಿಗೆ ಅನುವಾದ ಬೇಕಾಗಿರಲಿಲ್ಲ. ಜಿಪ್ ಮತ್ತೆ ಸರಿಯಿತು, ಈ ಸಲ ಹಿಂದಕ್ಕೆ.

ಮರಿ ಇನ್ನೂ ಸ್ವಲ್ಪ ಹೊತ್ತು ನಿಂತು, ನಮ್ಮಲ್ಲಿ ನೋಡುವಂಥದ್ದೇನೂ ಇಲ್ಲವೆಂದು ತೀರ್ಮಾನಿಸಿ, ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ಹಾಲು ಕುಡಿಯುವಾಗ ಅದರ ಮೋಟುಬಾಲ ಪಟಪಟ ಆಡುತ್ತಿತ್ತು. ಹಿಂದೆ ಅಟ್ಲಾಂಟಿಕ್ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಲಾರಿಯಲ್ಲಿ ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ, ಹೇಳಿಕೊಳ್ಳಬೇಕಾದ ಸಂಗತಿ.

ವಾಪಸು ಬರುವಾಗ ಕತ್ತಲು. ಮೊಮ್ಮಗ ಮಲಗಿದ್ದ. ಯಾವುದೋ ಸೇತುವೆಯ ಮೇಲೆ ನಮ್ಮವಳು ಕೈಚೀಲ ತೆರೆದು ನನ್ನ ಕೈಗೆ ಒಂದು ಬಾಳೆಹಣ್ಣಿಟ್ಟಳು. "ತಿನ್ನಿ, ಬೆಳಗ್ಗೆಯಿಂದ ಸರಿಯಾಗಿ ಊಟ ಮಾಡಿಲ್ಲ ನೀವು." ನಾನು ಎರಡು ಸಲ ಊಟ ಮಾಡಿದ್ದೆ. ತಿಂದೆ. ನಾನು ಊರ ಸಾಕುಪ್ರಾಣಿ, ನನಗೆ ಐವತ್ತು ಅಡಿಯ ಕಾನೂನು ಅನ್ವಯಿಸುವುದಿಲ್ಲ.

ಉಳಿದ ಮೂರು ಹಣ್ಣು ಬೆಳಗಾಗುವಷ್ಟರಲ್ಲಿ ಕಪ್ಪಿಟ್ಟಿದ್ದವು. ಅವಳು ಅವನ್ನು ಹೆಚ್ಚಿ, ಕಾಯಿಹಾಲು, ಬೆಲ್ಲ, ಏಲಕ್ಕಿ ಹಾಕಿ ರಸಾಯನ ಮಾಡಿದಳು. ಒಂದು ಬಟ್ಟಲಿಗೆ ಹಾಕಿ ಮೇಜಿನ ಮೇಲೆ, ಮೊಮ್ಮಗ ಬಣ್ಣ ಹಚ್ಚುತ್ತಿದ್ದ ಪುಸ್ತಕದಿಂದ ಸ್ವಲ್ಪ ದೂರದಲ್ಲಿಟ್ಟಳು. ತಿನ್ನು ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮರೆಯಲ್ಲಿ ನಿಂತಳು. ಐವತ್ತು ಅಡಿ ಖಂಡಿತ ಇರಲಿಲ್ಲ, ಆ ಮನೆ ಅಷ್ಟು ದೊಡ್ಡದಲ್ಲ. ಒಂದು ಆಟೊ, ಹೆಚ್ಚೆಂದರೆ ಒಂದೂವರೆ. ಹುಡುಗ ಕುದುರೆಯೊಂದಕ್ಕೆ ನೀಲಿ ಬಣ್ಣ ಹಚ್ಚುತ್ತಿದ್ದ. ಅದರ ಹಿಂದೆ ಒಂದು ಲದ್ದಿಯ ಗುಪ್ಪೆಯನ್ನು ತಾನೇ ಬರೆದು ಸೇರಿಸಿದ್ದ. ಬಟ್ಟಲಿನ ಕಡೆ ನೋಡಿದ. ಮತ್ತೆ ಪುಸ್ತಕ ನೋಡಿದ. ನಾನು ಪೇಪರು ಓದುವವನ ಹಾಗೆ ಫೋನು ಹಿಡಿದು ಉಸಿರು ಬಿಗಿಹಿಡಿದಿದ್ದೆ.

ಆಮೇಲೆ ಹೋಗಿ ನೋಡಿದಾಗ ಬಟ್ಟಲು ಅರ್ಧ ಖಾಲಿಯಾಗಿತ್ತು. ಮಿಕ್ಕ ಅರ್ಧ ನನ್ನ ಪಾಲಿಗೆ ಬಂತು.